ಚಾಪೆ ಸುತ್ತುವ ಹೊತ್ತು

ಸ್ಟುಡಿಯೋ ಷಟರ್ ಎತ್ತಲು ಹೋದರೆ ಮೆಟ್ಟಿಲ ಮೇಲೆ ಪವಿತ್ರ ಕೂತಿದ್ದಳು. ಬೂಕನಕೆರೆಯಿಂದ ಮೊದಲ ಬಸ್ಸಿಗೇ ಬಂದಿರಬೇಕು, ತಲೆ ಕೂಡ ಬಾಚಿರಲಿಲ್ಲ. ನಮಸ್ಕಾರವೂ ಇಲ್ಲ, ಏನೂ ಇಲ್ಲ—ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಇದು ಯಾರ ಹಾಡು ಸುಧೀಂದ್ರಣ್ಣ? ನೀವೇ ಯೋಳಿ."

ಯೂಟ್ಯೂಬಿನಲ್ಲಿ ಯಾವುದೋ ಪೌರಾಣಿಕ ನಾಟಕ. ಹಿಂದೆ ಅರಮನೆಯ ಪರದೆ, ಮುಂದೆ ಉತ್ತರೆಯ ವೇಷ ಹಾಕಿದ ಹೆಂಗಸು ಕೈ ಚಾಚಿ ಹಾಡುತ್ತಿದ್ದಳು: 'ಹಚ್ಚಿದ ಅರಿಶಿನ ಆರಿಲ್ಲವಿನ್ನೂ, ರಥಕೆ ಕುದುರೆ ಕಟ್ಟಿದೆ ಯಾಕೋ...'

"ನಿನ್ನದೇ. ನನ್ನ ಮೈಕಿನ ಮುಂದೆ ನೀನೇ ಹಾಡಿದ್ದಲ್ಲವೇನಮ್ಮ?"

"ಮತ್ತೆ ನಾಗಮಂಗ್ಲದ ಕಡೆಯೋರು ಯಾಕೆ ಹಾಡ್ತಾವ್ರೆ? ನಾವಿನ್ನೂ ಬಣ್ಣಾನೇ ಹಚ್ಚಿಲ್ಲ. ಅವ್ರು ನಾಟ್ಕ ಆಡಿ ಮುಗಿಸ್ಬುಟ್ಟವ್ರೆ!"

ಆ ಹಾಡಿನ ರೆಕಾರ್ಡಿಂಗ್ ಹೊರಗೆ ಹೋಗಲು ಇದ್ದ ದಾರಿ ಒಂದೇ—ನನ್ನ ಮಹಡಿಯ ಕಂಪ್ಯೂಟರ್.

ಶ್ರೀರಂಗಪಟ್ಟಣದ ಸ್ಟೇಷನ್ ರಸ್ತೆಯಲ್ಲಿ ನನ್ನದು ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ರೆಕಾರ್ಡಿಂಗ್ ರೂಮು. ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕ ಆಡದ ಊರಿಲ್ಲ. ಆದರೆ ಆಡುವುದೆಲ್ಲ ತಾತಂದಿರ ಕಾಲದಿಂದ ಬಂದದ್ದೇ. ಪವಿತ್ರ ಬರೆದ 'ಉತ್ತರೆಯ ಅರಿಶಿನ' ಹೊಸದು. ಮದುವೆಯ ಅರಿಶಿನ ಆರುವ ಮೊದಲೇ ಗಂಡನನ್ನು ಯುದ್ಧಕ್ಕೆ ಕಳಿಸಿದ ಹುಡುಗಿಯ ಕಥೆ. ಬರೆದವಳೂ ಅವಳೇ, ರಾಗ ಹಾಕಿದವಳೂ ಅವಳೇ, ಉತ್ತರೆಯ ಪಾತ್ರವೂ ಅವಳದೇ. ಮಾತು ಕಡಿಮೆ, ಕಥೆಯೆಲ್ಲ ಹಾಡಿನಲ್ಲೇ. ಹಸು ಕರೆದು ಡೈರಿಗೆ ಹಾಲು ಹಾಕಿ ಬಂದು ಬರೆದ ನಾಟಕ. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು, ಸುಳ್ಳು ಹೇಳುವುದಿಲ್ಲ.

ಹಾಡು ಕಲಿಯಲು ನಟರಿಗೆಲ್ಲ ರೆಕಾರ್ಡಿಂಗ್ ಬೇಕಿತ್ತು. ವಾಟ್ಸಾಪಿಗೆ ಬಿಟ್ಟರೆ ಸಂಜೆಯೊಳಗೆ ಊರೂರು ಸುತ್ತುತ್ತದೆ. ಅದಕ್ಕೇ ನಾನೊಂದು ಉಪಾಯ ಮಾಡಿದ್ದೆ. ಇಂಟರ್‌ನೆಟ್ ಸಂಪರ್ಕವೇ ಇಲ್ಲದ ಒಂದು ವೈಫೈ ಡಬ್ಬಿ. ಅದಕ್ಕೆ ನನ್ನ ಕಂಪ್ಯೂಟರ್ ಜೋಡಿಸಿ, ಹಾಡುಗಳನ್ನೆಲ್ಲ ಒಂದು ಹಂಚಿಕೆ ಫೋಲ್ಡರಿನಲ್ಲಿ ಇಟ್ಟೆ. ಮಹಡಿ ಹತ್ತಿ ಬಂದವರ ಫೋನಿಗೆ ಮಾತ್ರ ಆ ಫೋಲ್ಡರು ಕಾಣುತ್ತದೆ. ಮೆಟ್ಟಿಲಿಳಿದು ರಸ್ತೆಗೆ ಹೋದರೆ ಏನೂ ಕಾಣುವುದಿಲ್ಲ. ಯಾವ ಫೋನು ಯಾವ ಹಾಡು ತೆಗೆದುಕೊಂಡಿತು ಎಂದು ಕಂಪ್ಯೂಟರ್ ಗುರುತಿಟ್ಟುಕೊಳ್ಳುವ ಹಾಗೂ ಮಾಡಿದ್ದೆ. ಈ ಏರ್ಪಾಟಿನ ಬಗ್ಗೆ ನಾನು ಕೊಚ್ಚಿಕೊಂಡದ್ದು ಅಷ್ಟಿಷ್ಟಲ್ಲ. ಕಾಫಿ ಕುಡಿಯಲು ಬಂದವರಿಗೂ ವಿವರಿಸಿ ತಲೆ ತಿಂದಿದ್ದೆ.

ಇನ್ನೊಂದು ಪದ್ಧತಿಯೂ ಇತ್ತು. ಅವರವರ ಪಾತ್ರದ ಹಾಡನ್ನು ಮಾತ್ರ ಅವರವರು ತೆಗೆದುಕೊಳ್ಳಬೇಕು. ಇದು ನನ್ನದಲ್ಲ, ಚಿಕ್ಕಸ್ವಾಮಿ ಮೇಷ್ಟ್ರದು.

ಹೇಮಾವತಿ ದಡದ ಅಕ್ಕಿಹೆಬ್ಬಾಳಿನ ಚಿಕ್ಕಸ್ವಾಮಿ ಮೇಷ್ಟ್ರು ಹಾರ್ಮೋನಿಯಂ ಹಿಡಿದರೆ ಕೃಷ್ಣರಾಜಪೇಟೆ ತಾಲ್ಲೂಕೇ ತಲೆದೂಗುತ್ತದೆ. ನನಗೆ ಸರಿಗಮ ಕಲಿಸಿದವರು ಅವರು. ಪವಿತ್ರಳಿಗಂತೂ ಹುಡುಗಿಯಾಗಿದ್ದಾಗಿನಿಂದ ತಂದೆಯ ಹಾಗೆ. ಆಯುಧಪೂಜೆಯ ಹೊತ್ತಿನಲ್ಲಿ ರೆಕಾರ್ಡಿಂಗ್ ನಡೆದಾಗ ಹಾರ್ಮೋನಿಯಂ ನುಡಿಸಿದವರೂ ಅವರೇ. ಕೊನೆಯ ಹಾಡು ಬಂದಾಗ ಮಾತ್ರ ತಿದಿ ಮುಚ್ಚಿ, ಪೆಟ್ಟಿಗೆಗೆ ಕೈಮುಗಿದಿದ್ದರು.

"ಮಂಗಳ ಬ್ಯಾಡ ಕಣವ್ವ. ಅಭ್ಯಾಸದಲ್ಲಿ ಮಂಗಳ ಹಾಡಬಾರ್ದು. ಹಾಡುದ್ರೆ ಆಟ ಮುಗೀತು ಅಂತ. ಬಣ್ಣ ಹಚ್ಚಿದ ದಿವ್ಸವೇ ಅದು."

ಪವಿತ್ರ ತಲೆಬಾಗಿ ಮೈಕಿನಿಂದ ಹಿಂದೆ ಸರಿದಿದ್ದಳು. ಗುರುಗಳ ಮಾತಿಗೆ ಅವಳೆಂದೂ ಎದುರು ಹೇಳಿದವಳಲ್ಲ.

ಈಗ ಅವಳು ನನ್ನ ಕುರ್ಚಿಯಲ್ಲಿ ಕುಸಿದಿದ್ದಳು. ಅವಳ ಫೋನು ಬಡಿದುಕೊಂಡಿತು. ಆ ಕಡೆ ಅವಳ ದೊಡ್ಡಪ್ಪ ಪುಟ್ಟಸ್ವಾಮಿ, ನಾಟಕ ಸಂಘದ ಯಜಮಾನರು. ದನಿ ನನಗೂ ಕೇಳುವಷ್ಟು ಜೋರು.

"ನಾಗಮಂಗ್ಲದೋರ್ಗೆ ಫೋನ್ ಮಾಡಿದ್ದೆ ಕಣವ್ವ. ನಮ್ಮುಡ್ಗಿ ನಾಟ್ಕ ಕದ್ದಿದ್ದೀರಿ ಅಂದ್ರೆ, ನಿಮ್ಮುಡ್ಗೀನೇ ನಮ್ದ ಕದ್ದವ್ಳೆ ಅಂತಾವ್ರೆ! ಮೊದ್ಲು ಆಡಿರೋದು ಅವ್ರು. ನಾನೇನ್ ಸಾಕ್ಷಿ ಕೊಡ್ಲಿ? ಭಾನ್ವಾರದೊಳ್ಗೆ ಕಳ್ಳ ಸಿಗ್ದಿದ್ರೆ ನಾಟ್ಕ ಕೈಬುಡಾದೆಯ. ಕದ್ದ ನಾಟ್ಕ ಆಡುದ್ರು ಅನ್ನೋ ಮಾತು ನಮ್ಮೂರ್ಗೆ ಬ್ಯಾಡ."

ಪವಿತ್ರ ಫೋನು ಕೆಳಗಿಟ್ಟಳು. "ಕೇಳುದ್ರಲ್ಲ ಅಣ್ಣ? ನಾನೇ ಕಳ್ಳಿ."

ನನಗೆ ಇನ್ನೇನೂ ತೋಚಲಿಲ್ಲ. ಪಾಂಡವಪುರದಲ್ಲಿರುವ ದೊಡ್ಡಮ್ಮನಿಗೆ ಫೋನು ಮಾಡಿದೆ.

ಇಂದಿರ ದೊಡ್ಡಮ್ಮ ನಮ್ಮ ತಾಯಿಯ ಅಕ್ಕ. ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತಿಯಾದವರು. ದೇವಸ್ಥಾನದ ಮನೆತನದ ಹೆಂಗಸು ಖಾಕಿ ತೊಟ್ಟಳೆಂದು ನಮ್ಮಜ್ಜ ಮಾತು ಬಿಟ್ಟಿದ್ದರಂತೆ. ದೊಡ್ಡಮ್ಮನೂ ಹಟಕ್ಕೆ ಬಿದ್ದು ಮಾತು ಬಿಟ್ಟರಂತೆ. ಮಧ್ಯಾಹ್ನದ ಹೊತ್ತಿಗೆ ಅವರು ಮಹಡಿ ಹತ್ತಿ ಬಂದರು, ಕೈಯಲ್ಲೊಂದು ಚೀಲ ಅವರೆಕಾಯಿ.

"ಸುಲೀತಾ ಕೇಳ್ತೀನಿ. ಹೇಳಮ್ಮ, ಮೊದಲಿಂದ ಹೇಳು. ನಾಟಕ ಬರೆದು ಮುಗಿಸಿದ ಮೇಲೆ ಏನು ಮಾಡಿದೆ?"

"ಅಕ್ಕಿಹೆಬ್ಬಾಳಿಗೆ ಹೋದೆ. ಒಳೆ ದಡದಲ್ಲಿ ಕುಂತ್ಕಂಡು ಮೇಷ್ಟ್ರಿಗೆ ಒಂದೊಂದೇ ಹಾಡಿ ಕೇಳಿಸ್ದೆ, ಮೊದ್ಲಿಂದ ಕೊನೇಗಂಟ. ಕಣ್ಣಲ್ಲಿ ನೀರಾಕ್ಕಂಡ್ರು. ಆಮೇಲೆ ಸುಧೀಂದ್ರಣ್ಣನ ತಾವ ರೆಕಾರ್ಡು."

"ಬರೆದ ಕಾಗದ?"

"ನಮ್ಮನೆ ಬೀರುವಲ್ಲಿ. ಬೀಗದ್ಕೈ ಸೆರಗಲ್ಲಿ."

"ಆ ಯೂಟ್ಯೂಬ್ ನಾಟಕ ಪೂರ್ತಿ ನೋಡಿದೆಯಾ?"

"ಎರಡು ಹಾಡು ನೋಡೋ ಹೊತ್ಗೆ ಉಸ್ರು ಕಟ್ಟಂಗಾಯ್ತು. ಆರಿಸ್ಬುಟ್ಟೆ."

ದೊಡ್ಡಮ್ಮ ನನ್ನತ್ತ ತಿರುಗಿದರು. "ನಿನ್ನ ಡಬ್ಬಿ ಏನು ಹೇಳುತ್ತೋ?"

ಕಂಪ್ಯೂಟರಿನಲ್ಲಿದ್ದ ಗುರುತುಗಳನ್ನು ತೆಗೆದು ನೋಡಿದೆ. ಎಲ್ಲರ ಫೋನುಗಳೂ ತಮ್ಮ ತಮ್ಮ ಹಾಡು ತೆಗೆದುಕೊಂಡಿದ್ದವು—ಒಂದು ಫೋನು ಬಿಟ್ಟು. ಆ ಒಂದು ಫೋನು ಫೋಲ್ಡರಿಗೆ ಫೋಲ್ಡರನ್ನೇ ಎತ್ತಿಕೊಂಡಿತ್ತು.

"ಯಾರದು?"

"ರವೀಂದ್ರನದು. ಅಭಿಮನ್ಯು ಪಾತ್ರ. ಪಾಂಡವಪುರದ ಟ್ರಾಕ್ಟರ್ ಷೋರೂಮಿನಲ್ಲಿ ಕೆಲಸ. ಅವನ ಅಕ್ಕನನ್ನು ಕೊಟ್ಟಿರುವುದು..." ನಾನು ಅಲ್ಲಿಗೇ ನಿಲ್ಲಿಸಿದೆ.

"ನಾಗಮಂಗಲಕ್ಕೆ," ಎಂದಳು ಪವಿತ್ರ.

ಆ ಹೆಸರು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅಭ್ಯಾಸದ ದಿನಗಳಲ್ಲಿ ಅವಳಿಗೆಂದು ಮನೆಯಿಂದ ಕೋಡುಬಳೆ ತರುತ್ತಿದ್ದವನು ರವೀಂದ್ರ.

"ಮುಗೀತಲ್ಲ ದೊಡ್ಡಮ್ಮ! ಇನ್ನೇನು ಬೇಕು?"

"ಸುಧಿ, ನಿನ್ನ ಡಬ್ಬಿ ಹೇಳಿದ್ದು ಯಾರು ತಗೊಂಡರು ಅಂತ. ಯಾರು ಕೊಟ್ಟರು ಅಂತ ಹೇಳಿಲ್ಲವಲ್ಲ. ನಾಳೆ ಎಲ್ಲರನ್ನೂ ಕರೆಸು."

ಮರುದಿನ ಮೊದಲು ಬಂದವರು ಯಶೋದಮ್ಮ. ಸುಭದ್ರೆಯ ಪಾತ್ರಕ್ಕೆ ಗೊತ್ತುಮಾಡಿದ್ದ ನಟಿ. ಈ ಊರು ಆ ಊರು ಎನ್ನದೆ ಕರೆದ ಸಂಘಕ್ಕೆಲ್ಲ ಹೋಗಿ ಪಾತ್ರ ಕಟ್ಟುವವರು. ಒಳಗೆ ಬರುವಾಗಲೇ ಸಿಟ್ಟಾಗಿದ್ದರು.

"ನನ್ನನ್ಯಾಕೆ ಕರ್ಸುದ್ರಿ? ನಾಟ್ಕದೋಳು ಅಂದ್ರೆ ಮೊದ್ಲು ಅನುಮಾನವೇ?"

"ಕೂತ್ಕೊಳ್ಳಿ ಯಶೋದಮ್ಮ. ನಾಗಮಂಗಲದ ಆ ಸಂಘಕ್ಕೆ ನೀವು ಹೋಗಿದ್ದಿರಾ?"

"ಹೋದ್ವರ್ಸ ಹೋಗಿದ್ದೆ. ದ್ರೌಪದಿ ಮಾಡಿದ್ದೆ. ಈ ವರ್ಸ ಕರೀಲೇ ಇಲ್ಲ."

"ಯಾಕೆ ಕರೀಲಿಲ್ಲ?"

"ಅದು ನಂಗೂ ತಿಳೀದು. ಪ್ರತಿ ಸಲ ನಾನೇ ಬೇಕು ಅನ್ನೋರು. ಈ ಸಲ ಹೊಸಬ್ಳನ್ನ ಕರಕಂಡವ್ರೆ."

"ನಿಮ್ಮ ಫೋನಿನಲ್ಲಿರೋ ಹಾಡು ಯಾರಿಗಾದರೂ ಕಳಿಸಿದ್ದಿರಾ?"

ಯಶೋದಮ್ಮ ಎದ್ದೇ ನಿಂತರು. "ಅವ್ವ, ನಾನು ದುಡ್ಡಿಗೆ ಪಾತ್ರ ಕಟ್ತೀನಿ. ಹಾಡು ಮಾರಾಕಿಲ್ಲ."

"ಗೊತ್ತಾಯಿತು. ಹೋಗಿಬನ್ನಿ," ಎಂದು ದೊಡ್ಡಮ್ಮ ನಕ್ಕರು. ಅವರು ಹೋದ ಮೇಲೆ ನನಗೆ ಹೇಳಿದರು, "ಇವರನ್ನು ಯಾಕೆ ಕರೀಲಿಲ್ಲ, ಯೋಚನೆ ಮಾಡು. ಈಕೆ ಅಲ್ಲಿಗೆ ಹೋಗಿದ್ದರೆ ಎರಡೂ ಕಡೆ ಒಂದೇ ನಾಟಕ ಅಂತ ಗೊತ್ತಾಗಿಬಿಡೋದು. ಈಕೆ ಇಲ್ಲಿ ಪಾತ್ರ ಮಾಡ್ತಾರೆ ಅನ್ನೋದು ತಿಳಿದವರೇ ಬೇಡ ಅಂದಿರೋದು."

ಎರಡನೆಯವನು ರವೀಂದ್ರ. ಎದೆಯುಬ್ಬಿಸಿ ಚಕ್ರವ್ಯೂಹಕ್ಕೆ ನುಗ್ಗುವ ಅಭಿಮನ್ಯು ಆವತ್ತು ತಲೆ ಎತ್ತಲಿಲ್ಲ. ಹಾರ್ಮೋನಿಯಂ ಮೂಲೆಯಲ್ಲಿತ್ತು. ಚಿಕ್ಕಸ್ವಾಮಿ ಮೇಷ್ಟ್ರೂ ಆಗಲೇ ಬಂದು ಅದರ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹಾಡು ಎಲ್ಲವನ್ನೂ ಯಾಕಪ್ಪ ತಗೊಂಡೆ?"

"ಸುಮ್ಕೆ."

"ಸುಮ್ಮನೆ ಅಂದರೆ?"

"ಸುಮ್ಕೆ ಅಂದ್ರೆ ಸುಮ್ಕೆ. ಕೇಳಾಕೆ."

"ಯಾರು ಕೇಳೋದಕ್ಕೆ?"

ಅವನ ಕಣ್ಣು ಒಮ್ಮೆ ಮೂಲೆಯ ಕಡೆ ಹೋಗಿ ಮತ್ತೆ ನೆಲಕ್ಕಿಳಿಯಿತು.

"ನಿಮ್ಮಕ್ಕನ ಊರಿಗೆ ಕೊಟ್ಟೆಯಾ?"

"ಇಲ್ಲ! ನಮ್ಮವ್ವನಾಣೆಗೂ ಇಲ್ಲ."

"ಹಾಗಾದರೆ ಯಾರಿಗೆ ಕೊಟ್ಟೆ?"

"ಯಾರ್ಗೂ ಇಲ್ಲ."

ಪವಿತ್ರ ತಡೆಯಲಾರದೆ ಎದ್ದಳು. "ನಂಗೊಂದು ಮಾತು ಯೋಳಿದ್ರೆ ಆಗ್ತಿರ್ಲಿಲ್ವಾ ರವಿ? ಬೇಕು ಅಂದಿದ್ರೆ ನಾನೇ ಕೊಡ್ತಿದ್ದೆ. ಕದ್ದು ಯಾಕೆ ತಕ್ಕಂಡೆ?"

ರವೀಂದ್ರ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಆಗ ಮೇಷ್ಟ್ರೇ ಮೆಲ್ಲಗೆ ಅಂದರು, "ಬುಟ್ಬುಡವ್ವ. ಉಡುಗ್ ಬುದ್ಧಿ, ತಪ್ ಮಾಡ್ಬುಟ್ಟವ್ನೆ. ಅಕ್ಕನ ಊರು ಅಂತ ಆಸೆಗೆ ಬಿದ್ದಿರ್ಬೈದು. ನಾನು ಕ್ಷಮಿಸ್ಬುಟ್ಟೆ, ನೀನೂ ಕ್ಷಮಿಸ್ಬುಡು."

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ರವೀಂದ್ರ ಮಾತ್ರ ತಟ್ಟನೆ ಮೇಷ್ಟ್ರ ಮುಖವನ್ನೇ ನೋಡಿದ. ಆಮೇಲೆ ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೊರಟುಹೋದ.

"ಮೇಷ್ಟ್ರೇ, ನಿಮ್ಮ ಫೋನು?" ಎಂದರು ದೊಡ್ಡಮ್ಮ.

ಅವರು ಜೇಬಿನಿಂದ ಗುಂಡಿ ಒತ್ತುವ ಪುಟ್ಟ ಫೋನು ತೆಗೆದು ತೋರಿಸಿದರು. "ಇದು ಕಣವ್ವ. ಬಂದ್ರೆ ಎತ್ತದು, ಮುಗುದ್ರೆ ಮಡ್ಗದು. ನಿಮ್ಮ ವೈಫೈ ಅಂದ್ರೇನು, ಫೋಲ್ಡ್ರು ಅಂದ್ರೇನು, ನಂಗೊಂದೂ ತಿಳೀದು. ಸುಧಿಗೆ ಮೊದ್ಲೇ ಬಡ್ಕಂಡೆ, ಇವೆಲ್ಲ ಗಾಳೀಲಿ ಓಡಾಡೋ ಸಾಮಾನು, ನಂಬ್ಬ್ಯಾಡ ಅಂತ."

ನಾನು ತಲೆ ತಗ್ಗಿಸಿದೆ. ನನ್ನ ಹೆಮ್ಮೆಯ ಡಬ್ಬಿಯನ್ನು ರಸ್ತೆಗೆ ಎಸೆಯುವಷ್ಟು ನಾಚಿಕೆಯಾಯಿತು.

ಸಂಜೆಗೆ ಸುದ್ದಿ ಹಬ್ಬಿತ್ತು. ಪುಟ್ಟಸ್ವಾಮಿ ಯಜಮಾನರು ರವೀಂದ್ರನಿಂದ ಪಾತ್ರ ಕಿತ್ತುಕೊಂಡರು. ಆದರೂ ಪವಿತ್ರಳಿಗೆ ಅದರಿಂದ ಬಂದದ್ದೇನು? ಕದ್ದೆ ಎಂದು ರವೀಂದ್ರ ಒಪ್ಪಿಲ್ಲ, ನಾಗಮಂಗಲದವರು ಬಗ್ಗುತ್ತಿಲ್ಲ. ನಾಟಕ ಅವಳದೆಂದು ಹೇಳಲು ಒಂದು ಎಳೆ ಸಾಕ್ಷಿಯಿಲ್ಲ. ಕಂಪ್ಯೂಟರಿನಲ್ಲಿರುವ ತಾರೀಖು ತೋರಿಸೋಣವೆಂದರೆ, ತಾರೀಖು ತಿದ್ದಬಹುದೆಂದು ಅವರೇ ನಗಾಡಿದರಂತೆ.

ಶನಿವಾರ ಪಾಂಡವಪುರಕ್ಕೆ ಹೋದೆ. ದೊಡ್ಡಮ್ಮ ಗೋಡೆಯ ಟೀವಿಯಲ್ಲಿ ಆ ನಾಟಕ ಹಾಕಿಕೊಂಡು, ಮುಂದೆ ಬುಟ್ಟಿ ಇಟ್ಟುಕೊಂಡು ಅವರೆಬೇಳೆ ಹಿತುಕುತ್ತಿದ್ದರು. ಇಡೀ ರಾತ್ರಿಯ ಆಟ, ನೋಡಿ ಮುಗಿಸುವುದೆಂದರೆ ಒಂದು ಹಗಲು ಬೇಕು.

"ಇದನ್ನು ಪೂರ್ತಿ ನೋಡ್ತೀರಾ?"

"ಯಾರೂ ನೋಡಿಲ್ಲವಲ್ಲ. ಎಲ್ಲರೂ ಎರಡು ಹಾಡು ಕೇಳಿ ಅತ್ತರು, ಕಿರುಚಿದರು. ಕಳವು ಆಗಿದೆ ಅಂದಮೇಲೆ ಏನೇನು ಹೋಗಿದೆ ಅಂತ ನೋಡಬೇಡವೇ? ಕೂತ್ಕೋ."

ಕೂತೆ. ಪವಿತ್ರಳ ಒಂದೊಂದು ಹಾಡೂ ಬೇರೆಯವರ ಬಾಯಲ್ಲಿ ಬಂತು. ಅವಳು ಉಸಿರು ನಿಲ್ಲಿಸುವ ಕಡೆಯೇ ಅವರೂ ನಿಲ್ಲಿಸುತ್ತಿದ್ದರು. ಎದ್ದು ಟೀವಿ ಒಡೆಯೋಣ ಅನ್ನಿಸಿತು. ಸಂಜೆಯ ಹೊತ್ತಿಗೆ ಅಭಿಮನ್ಯು ಸತ್ತ, ಉತ್ತರೆ ಅತ್ತಳು. ಪರದೆಯ ಮೇಲೆ ಜನ ಏಳುತ್ತಿದ್ದರು, ಮಕ್ಕಳನ್ನು ಎಬ್ಬಿಸುತ್ತಿದ್ದರು, ಚಾಪೆ ಸುತ್ತುತ್ತಿದ್ದರು. ನಾನೂ ಎದ್ದೆ.

"ಎಲ್ಲಿಗೋ?"

"ಮುಗೀತಲ್ಲ ದೊಡ್ಡಮ್ಮ. ಕಾಫಿಗಿಡ್ತೀನಿ."

ಒಲೆ ಹಚ್ಚಿ ಹಾಲು ಕಾಯಿಸಿ ಬರುವಷ್ಟರಲ್ಲಿ ಟೀವಿ ಆರಿತ್ತು. ದೊಡ್ಡಮ್ಮನ ಕೈ ಬುಟ್ಟಿಯಲ್ಲಿ ಹಾಗೇ ನಿಂತಿತ್ತು. ಪವಿತ್ರಳಿಗೆ ಫೋನು ಮಾಡಿ ಎರಡೇ ಎರಡು ಪ್ರಶ್ನೆ ಕೇಳಿದರು, ಬಾಗಿಲಾಚೆ ಹೋಗಿ. ಒಳಗೆ ಬಂದು ಕಾಫಿ ಕುಡಿದರು. ನಾನು ಹೊರಡುವಾಗ ಭುಜ ತಟ್ಟಿದರು.

"ನಾಳೆ ಎಲ್ಲರೂ ಬರಲಿ. ರವೀಂದ್ರನೂ. ಗಟ್ಟಿ ಮನಸ್ಸು ಮಾಡ್ಕೊಂಡು ಬಾ ಸುಧಿ, ನಿನಗೂ ಇದು ನೋವಿನದೇ."

ಭಾನುವಾರ ಬೆಳಿಗ್ಗೆ ಮಹಡಿ ತುಂಬಿತು. ಪುಟ್ಟಸ್ವಾಮಿ ಯಜಮಾನರು ನಡುವೆ ಕುರ್ಚಿಯಲ್ಲಿ. ಯಶೋದಮ್ಮ ಕಿಟಕಿಯ ಹತ್ತಿರ. ಮೇಷ್ಟ್ರು ಎಂದಿನಂತೆ ಹಾರ್ಮೋನಿಯಂ ಪಕ್ಕ. ರವೀಂದ್ರ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ಪವಿತ್ರ ಗುರುಗಳ ಹತ್ತಿರವೇ ಚಾಪೆಯ ಮೇಲೆ ಕೂತಿದ್ದಳು. ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಂಬಿರಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು.

"ಸುಧಿ," ಎಂದರು ದೊಡ್ಡಮ್ಮ, "ನಿನ್ನ ಫೋಲ್ಡರಿನಲ್ಲಿರೋ ಕೊನೆಯ ಹಾಡು ಯಾವುದು?"

"ಉತ್ತರೆಯ ಶೋಕ."

"ಅದರ ಮೇಲೆ?"

"ಅದರ ಮೇಲೆ ಏನೂ ಇಲ್ಲ. ಮಂಗಳ ರೆಕಾರ್ಡ್ ಮಾಡಲೇ ಇಲ್ಲ. ಮೇಷ್ಟ್ರು ಬೇಡ ಅಂದರು."

"ಯಜಮಾನರೇ, ರವೀಂದ್ರ ಇಡೀ ಫೋಲ್ಡರು ತಗೊಂಡ, ನಿಜ. ಅದನ್ನೇ ಒಯ್ದು ನಾಗಮಂಗಲಕ್ಕೆ ಕೊಟ್ಟಿದ್ದ ಅಂತ್ಲೇ ಇಟ್ಟುಕೊಳ್ಳಿ. ಆಗ ಅವರಿಗೆ ಏನು ಸಿಗಬೇಕಿತ್ತು? ಉತ್ತರೆಯ ಶೋಕದವರೆಗೆ. ಅಲ್ಲವೇ?"

"ಔದು."

"ಇದನ್ನು ಕೇಳಿ."

ದೊಡ್ಡಮ್ಮ ಫೋನು ಒತ್ತಿದರು. ಗದ್ದಲ, ಚಾಪೆ ಕೊಡವುವ ಸದ್ದು, ಮಗುವಿನ ಅಳು. ಆ ಗಲಾಟೆಯ ಹಿಂದೆ ಬಣ್ಣ ಹಚ್ಚಿದವರೆಲ್ಲ ಸಾಲಾಗಿ ನಿಂತು ಹಾಡುತ್ತಿದ್ದರು: 'ಊರ ಕಾಯ್ವ ತಾಯಿಗೆ ಮಂಗಳ, ಕೂತು ಕೇಳಿದ ಜನಕೆ ಮಂಗಳ...'

ಪವಿತ್ರ ಬೆಚ್ಚಿಬಿದ್ದಳು. "ಇದು... ನನ್ನ ಮಂಗಳ! ಊರಮ್ಮನ ಹೆಸ್ರು ಬದ್ಲಾಗದೆ, ಮಿಕ್ಕಿದ್ದೆಲ್ಲ ನಂದೇಯ!"

"ಮಂಗಳದ ಹೊತ್ತಿಗೆ ಎಲ್ಲರೂ ಚಾಪೆ ಸುತ್ತುತಾ ಇರ್ತಾರೆ. ಅದನ್ನು ಕೇಳೋರು ಯಾರು? ಸುಧಿ ಕೂಡ ಎದ್ದು ಕಾಫಿಗೆ ಹೋದ. ಫೋಲ್ಡರಿನಲ್ಲಿ ಏನಿದೆ ಅಂತ ನೀವೆಲ್ಲ ಹುಡುಕಿದಿರಿ. ಏನಿಲ್ಲ ಅಂತ ಯಾರೂ ನೋಡಲಿಲ್ಲ. ಈ ಹಾಡು ವೈಫೈಯಲ್ಲಿ ಹೋಗಿಲ್ಲ. ರವೀಂದ್ರನ ಫೋನಿನಲ್ಲಿ ಇರಲಿಲ್ಲ. ಅವನು ಇದನ್ನು ಕೇಳಿಯೇ ಇಲ್ಲ. ಪವಿತ್ರ, ನಿನ್ನೆ ಹೇಳಿದ್ದನ್ನು ಎಲ್ಲರ ಮುಂದೆ ಹೇಳಮ್ಮ. ಇದನ್ನು ನೀನು ಯಾರ ಮುಂದೆ ಹಾಡಿದ್ದೆ?"

ಪವಿತ್ರ ಪಕ್ಕದಲ್ಲಿದ್ದ ಗುರುಗಳ ಮುಖ ನೋಡಿದಳು.

"ಒಬ್ಬರ ಮುಂದೆ," ದೊಡ್ಡಮ್ಮನೇ ಹೇಳಿದರು. "ಒಂದೇ ಸಲ. ಅಕ್ಕಿಹೆಬ್ಬಾಳಿನ ಹೊಳೆ ದಡದಲ್ಲಿ. ಅಲ್ಲವೇ ಚಿಕ್ಕಸ್ವಾಮಿ ಮೇಷ್ಟ್ರೇ?"

ನನಗೆ ಕೋಪ ಬಂತು—ದೊಡ್ಡಮ್ಮನ ಮೇಲೆ. "ಏನು ಮಾತಾಡ್ತಿದ್ದೀರಿ! ಮೇಷ್ಟ್ರು? ಅವರಿಗೆ ಫೋನೇ..."

"ಇನ್ನೊಂದು ಸಾಲಿದೆ, ಕೇಳು," ಎಂದು ಅವರು ಫೋನಿನ ದನಿ ಹೆಚ್ಚಿಸಿದರು.

'ಹೇಮಾವತಿಯ ದಡದಲಿ ಕುಳಿತು ಸ್ವರವ ಕೊಟ್ಟ ಗುರುವಿಗೆ ಮಂಗಳ.'

ದೊಡ್ಡಮ್ಮ ಮೇಷ್ಟ್ರ ಕಡೆ ತಿರುಗಿದರು.

"ಊರಮ್ಮನ ಹೆಸರು ಬದಲಾಯಿಸಿದಿರಿ. ನಾಟಕದ ಹೆಸರು ಬದಲಾಯಿಸಿದಿರಿ. ಯಶೋದಮ್ಮನನ್ನು ಅಲ್ಲಿಗೆ ಕರೆಯದ ಹಾಗೆ ನೋಡಿಕೊಂಡಿರಿ. ಈ ಸಾಲೊಂದನ್ನು ಮಾತ್ರ ತೆಗೀಲಿಲ್ಲ. ನಾಗಮಂಗಲದ ಊರಿನವರು ಹೇಮಾವತಿ ದಡದ ಗುರುವಿಗೆ ಯಾಕೆ ಮಂಗಳ ಹಾಡಬೇಕು? ಮಂಗಳವಿಲ್ಲದೆ ಆಟ ಮುಗಿಸೋದಕ್ಕೆ ನಿಮ್ಮ ಭಕ್ತಿ ಒಪ್ಪಲಿಲ್ಲ. ಈ ಸಾಲು ಬಿಡೋದಕ್ಕೆ ಮನಸ್ಸು ಒಪ್ಪಲಿಲ್ಲ. ಅದು ನಿಮ್ಮ ಮೇಲೆ ಬರೆದ ಸಾಲು."

ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

"ಹಾಡೆಲ್ಲ ಫೋಲ್ಡರಿಂದ ಅವರಿಗೆ ತಲುಪಿದ್ದು ಹೇಗೆ ಅಂತ ಈಗಲಾದರೂ ಹೇಳಪ್ಪ ರವೀಂದ್ರ," ಎಂದರು ದೊಡ್ಡಮ್ಮ.

ಬಾಗಿಲಲ್ಲಿದ್ದ ರವೀಂದ್ರ ಅತ್ತೇಬಿಟ್ಟ. "ಮೇಷ್ಟ್ರೇ ಕೇಳುದ್ರು ಕಣವ್ವ. ಮನೇಲಿ ಸ್ಪೀಕರ್‌ನಲ್ಲಿ ಹಾಕ್ಕಂಡು ಕೇಳ್ತೀನಿ, ಎಲ್ಲಾನೂ ಮೆಮೊರಿ ಕಾರ್ಡಿಗೆ ಹಾಕ್ಕೊಡು ಕಣ್ಲಾ ಅಂದ್ರು. ಅವರವರ ಹಾಡು ಅವರವರಿಗೆ ಅಂತ ನಾನೇ ಕಟ್ಟು ಮಾಡಿವ್ನಿ, ನಾನೇ ಮುರುದ್ರೆ ಚೆಂದಾಗಿರಾಕಿಲ್ಲ, ಯಾ‌ರ್ಗೂ ಯೋಳ್ಬ್ಯಾಡ ಅಂದ್ರು. ಪಾದ ಮುಟ್ಟಿ ಮಾತು ಕೊಟ್ಟಿದ್ದೆ. ಅದ್ಕೇ ಬಾಯ್ಬುಡ್ಲಿಲ್ಲ. ಮೊನ್ನೆ ಇಲ್ಲೇ ಕುಂತ್ಕಂಡು ನನ್ನೇ ಕ್ಷಮಿಸ್ಬುಟ್ಟೆ ಅಂದ್ರಲ್ಲ..."

ಆ ಮಾತು ನನ್ನ ಎದೆಗೆ ಗುದ್ದಿತು. ದೊಡ್ಡ ಮನಸ್ಸು ಎಂದು ನಾನು ಮೆಚ್ಚಿದ್ದು ಅದನ್ನೇ. ಕದ್ದದ್ದಾದರೂ ಒಂದು ಗಳಿಗೆಯ ಆಸೆ ಎನ್ನಬಹುದಿತ್ತು. ಬಾಯಿ ಕಟ್ಟಿ ನಿಂತ ಹುಡುಗನ ಮೇಲೆ ಕಳ್ಳತನ ಹೊರಿಸಿ, ಮೇಲೆ ಕ್ಷಮೆಯನ್ನೂ ದಾನ ಮಾಡಿದ್ದರು. ನನಗೆ ಸ್ವರ ತೋರಿಸಿದ ಆ ಕೈಯನ್ನು ನೋಡಲು ಅಸಹ್ಯವಾಯಿತು.

"ಯಾಕೆ ಮೇಷ್ಟ್ರೇ?" ಪವಿತ್ರ ಕೇಳಿದಳು. ಸಿಟ್ಟಿರಲಿಲ್ಲ ದನಿಯಲ್ಲಿ, ಮಗು ಕೇಳಿದ ಹಾಗಿತ್ತು. ಅದೇ ತಡೆಯಲಾಗಲಿಲ್ಲ.

ಮೇಷ್ಟ್ರು ಬಾಯಿಬಿಟ್ಟರು. "ಆವತ್ತು ಒಳೆ ದಡದಲ್ಲಿ ನೀ ಹಾಡ್ದಲ್ಲ, ಆವತ್ತಿಂದ ನನ್ನ ಹೊಟ್ಟೆಗೆ ಅನ್ನ ಸೇರ್ಲಿಲ್ಲ ಕಣವ್ವ. ಮಂಗಳ ಒಂದೇ ಸಲಕ್ಕೆ ಬಾಯಿಗೆ ಬಂದ್ಬುಡ್ತು. ಹುಟ್ಟಿದಾರಭ್ಯ ಇನ್ನೊಬ್ರು ಬರ್ದಿದ್ದೇ ನುಡ್ಸಿದ್ದು. ಇಂಥದೊಂದು ಬರೀಬೇಕು ಅಂತ ನಂಗೂ ಇತ್ತು. ಬರ್ಲಿಲ್ಲ. ನಾಗಮಂಗ್ಲದೋರ ತಾವ ಸುಮ್ಕೆ ಎರಡು ಸಾಲು ಗುನುಗಿದ್ದೆ. ಯಾರು ಬರ್ದಿದ್ದು ಮೇಷ್ಟ್ರೇ ಅಂದ್ರು. ನಿನ್ನೆಸ್ರು ಯೋಳ್ಬೇಕು ಅಂತ್ಲೇ ಬಾಯಿ ತೆಗ್ದೆ..." ಅವರು ಹಾರ್ಮೋನಿಯಂ ಮೇಲಿಂದ ಕೈ ತೆಗೆದರು. "ನನ್ನೆಸ್ರು ಬಂದ್ಬುಡ್ತು. ಎಲ್ಲಾ ಎದ್ದು ಕೈಮುಗುದ್ಬುಟ್ರು. ಆಮ್ಯಾಲೆ ಇಲ್ಲ ಅನ್ನಾಕೆ ಆಗ್ಲಿಲ್ಲ. ಬೇರೆ ಸಂಘಕ್ಕೂ ನುಡುಸ್ತೀನಿ, ಹೊರ್ಗೆ ನನ್ನೆಸ್ರು ಬ್ಯಾಡ ಅಂದಿದ್ದೆ. ವೀಡಿಯೋ ಮಾಡ್ತಾರೆ ಅಂತ ತಿಳೀಲಿಲ್ಲ."

"ಒಂದ್ ಮಾತು ಕೇಳಿದ್ರೆ," ಎಂದಳು ಪವಿತ್ರ, "ರಚನೆ ಚಿಕ್ಕಸ್ವಾಮಿ ಮೇಷ್ಟ್ರು ಅಂತ್ಲೇ ಹಾಕಿ ಅಂತಿದ್ದೆ. ನನ್ನ ಹೆಸ್ರು ಇಲ್ದಿದ್ರೂ ಚಿಂತೆಯಿಲ್ಲ ಅಂತಿದ್ದೆ. ನೀವು ಕೇಳ್ಲೇ ಇಲ್ವಲ್ಲ ಮೇಷ್ಟ್ರೇ. ನನ್ನ ಕಳ್ಳಿ ಮಾಡ್ಬುಟ್ಟು, ಪಕ್ದಲ್ಲಿ ಕುಂತ್ಕಂಡು ತಲೆ ಸವರುದ್ರಿ."

ಪುಟ್ಟಸ್ವಾಮಿ ಯಜಮಾನರು ಅಲ್ಲಿಂದಲೇ ನಾಗಮಂಗಲಕ್ಕೆ ಫೋನು ಹಚ್ಚಿ ಮೇಷ್ಟ್ರ ಕೈಗೆ ಕೊಟ್ಟರು. "ನಿಮ್ ಬಾಯಲ್ಲೇ ಯೋಳಿ." ಮೇಷ್ಟ್ರು ಹೇಳಿದರು. ಬರೆದವಳು ಪವಿತ್ರ, ಬೂಕನಕೆರೆಯ ಹುಡುಗಿ, ನಾನಲ್ಲ ಎಂದು ಹೇಳಿದರು. ಆ ಕಡೆ ಬೈದದ್ದು ನಮಗೂ ಕೇಳಿಸಿತು. ವೀಡಿಯೋ ತೆಗೆಸುತ್ತೇವೆ, ಯಜಮಾನರ ಮನೆಗೇ ಬಂದು ತಪ್ಪೊಪ್ಪಿಕೊಳ್ಳುತ್ತೇವೆ ಎಂದರು. ಯಜಮಾನರು ಎದ್ದುಹೋಗಿ ರವೀಂದ್ರನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆತಂದರು.

ಮೇಷ್ಟ್ರು ಎದ್ದರು. ಹಾರ್ಮೋನಿಯಂ ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲಿ ಹಿಂದಿರುಗಿ ನೋಡಿದರು.

"ಆ ಸಾಲು ತಗದ್ಬುಡವ್ವ. ಗುರುವಿನ ಸಾಲು."

"ತೆಗ್ಯಾಕಿಲ್ಲ," ಎಂದಳು ಪವಿತ್ರ. "ಅದ ಬರೆದಾಗ ನಾನು ಸುಳ್ಳು ಬರೀಲಿಲ್ಲ."

ಅವರು ಮೆಟ್ಟಿಲಿಳಿಯತೊಡಗಿದರು. ಪವಿತ್ರ ನನ್ನತ್ತ ತಿರುಗಿದಳು. ಕಣ್ಣು ಒಣಗಿತ್ತು.

"ಸುಧೀಂದ್ರಣ್ಣ, ಮೈಕ್ ಹಾಕಿ. ಪೆಟ್ಟಿಗೆ ನೀವೇ ಹಿಡೀರಿ. ಮಂಗಳ ರೆಕಾರ್ಡ್ ಮಾಡ್ಬೇಕು."

"ಮಂಗಳವಾ?" ಯಶೋದಮ್ಮ ಗಾಬರಿಯಾದರು. "ಅಭ್ಯಾಸದಲ್ಲಿ ಹಾಡಬಾರ್ದು ಕಣೇ. ಆಟ ಮುಗುದ್ಹೋಯ್ತದೆ ಅಂತಾರೆ."

"ನಮ್ಮ ಆಟ ಸಂಕ್ರಾಂತಿ ಕಳುದ್ಮೇಲೆ ಶುರುವಾಯ್ತದೆ ಯಶೋದಕ್ಕ. ಇವತ್ತು ಮುಗೀತಿರೋದು ಬೇರೆ."

ನಾನು ತಿದಿ ಬಿಚ್ಚಿದೆ. ಅವಳು ಹಾಡಿದಳು. ಊರಮ್ಮನಿಗೆ ಮಂಗಳ, ಕೇಳಿದ ಜನಕ್ಕೆ ಮಂಗಳ. ಹೇಮಾವತಿಯ ದಡ ಬಂದಾಗ ನನ್ನ ಬೆರಳು ತಪ್ಪಿತು, ಅವಳ ಸ್ವರ ತಪ್ಪಲಿಲ್ಲ. ಮುಗಿದ ಮೇಲೆ ಹಾಡನ್ನು ಹಂಚಿಕೆ ಫೋಲ್ಡರಿಗೆ ಹಾಕಿದೆ. ಮಹಡಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಫೋನಿಗೆ ತೆಗೆದುಕೊಂಡರು, ಎಲ್ಲರಿಗಿಂತ ಮೊದಲು ರವೀಂದ್ರ.

ಕಿಟಕಿಯಿಂದ ಬಗ್ಗಿ ನೋಡಿದೆ. ಮೇಷ್ಟ್ರು ಕೆಳಗಿನ ಮೆಟ್ಟಿಲ ಮೇಲೆ ನಿಂತು ಪೂರ್ತಿ ಕೇಳಿದ್ದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ಕಡೆ ನಡೆದರು. ಮಂಗಳ ಹಾಡಿದರೆ ಆಟ ಮುಗಿಯಿತು ಎಂದು ಅವಳಿಗೆ ಕಲಿಸಿದವರು ಅವರೇ.